ಗುರಿ ತಪ್ಪುತ್ತದೆಂದು ಗೊತ್ತಿದ್ದೂ

ಫ್ರಾನ್ಸಿನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಡಿ ಗಾಲ್ ಯಾರ ಗುಂಡಿಗೂ ಬಲಿಯಾಗಲಿಲ್ಲ. 1970ರ ನವೆಂಬರಿನಲ್ಲಿ, ಎಂಬತ್ತು ತುಂಬಲು ಕೆಲವೇ ದಿನ ಇರುವಾಗ, ತಮ್ಮ ಹಳ್ಳಿಯ ಮನೆಯಲ್ಲಿ ತೀರಿಕೊಂಡರು. ಅದೇ ವರ್ಷದ ಆರಂಭದಲ್ಲಿ, ಅವರಿನ್ನೂ ಬದುಕಿದ್ದಾಗಲೇ, ಕೈಯಲ್ಲಿ ಕಾಸಿಲ್ಲದ ಇಂಗ್ಲಿಷ್ ಪತ್ರಕರ್ತರೊಬ್ಬರು ಟೈಪ್‌ರೈಟರ್ ಮುಂದೆ ಕೂತು 35 ದಿನಗಳಲ್ಲಿ ಒಂದು ಕಾದಂಬರಿ ಮುಗಿಸಿದರು. 1963ರಲ್ಲಿ ಡಿ ಗಾಲ್ ಅವರನ್ನು ಕೊಲ್ಲಲು ಸುಪಾರಿ ಪಡೆದ ಹಂತಕನ ಕಥೆ ಅದು.

ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಬೇಡವೆಂದರು. ಸಾಯಬೇಕಾದವರು ಸಾಯುವುದಿಲ್ಲ ಎಂದು ಮೊದಲೇ ಗೊತ್ತಿರುವ ಥ್ರಿಲ್ಲರನ್ನು ದುಡ್ಡು ಕೊಟ್ಟು ಯಾರು ಓದುತ್ತಾರೆ?

ಓದಿದರು. ಫ್ರೆಡರಿಕ್ ಫೋರ್ಸಿತ್ ಅವರ ‘ದಿ ಡೇ ಆಫ್ ದಿ ಜಾಕಾಲ್’ 1971ರಲ್ಲಿ ಹೊರಬಂದು ಲಕ್ಷಗಟ್ಟಲೆ ಮಾರಾಟವಾಯಿತು, 1973ರಲ್ಲಿ ಸಿನಿಮಾ ಆಯಿತು. ಇಂದಿಗೂ ಅದನ್ನು ರಾತ್ರಿ ಕೈಗೆತ್ತಿಕೊಂಡವರು ಬೆಳಗಿನ ಜಾವ ಕಣ್ಣುಜ್ಜಿಕೊಳ್ಳುತ್ತಾರೆ.

ಪತ್ತೇದಾರಿ ಕಾದಂಬರಿಯ ಸೆಳೆತವೇ ಬೇರೆ. ನಾಲ್ಕನೇ ತರಗತಿಯವರೆಗೆ ಓದಿ, ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಿಂದೆ ಕನ್ನಡದ ಓದುಗರು ಓಡಿದ್ದು ‘ಯಾರು ಮಾಡಿದ್ದು?’ ಎಂದು ತಿಳಿಯಲು. ಅಲ್ಲಿ ಅಪರಾಧಿಯನ್ನು ಕೊನೆಯವರೆಗೂ ಬಚ್ಚಿಡಬೇಕು. ಥ್ರಿಲ್ಲರಿನಲ್ಲಿ ಹಂತಕ ಕಣ್ಣೆದುರಿಗೇ ಓಡಾಡುತ್ತಿರುತ್ತಾನೆ. ‘ಹೇಗೆ ಮಾಡುತ್ತಾನೆ, ಅಷ್ಟರೊಳಗೆ ಸಿಕ್ಕಿಬೀಳುತ್ತಾನೋ ಇಲ್ಲವೋ’ ಎಂಬುದಷ್ಟೇ ಓದುಗನ ಚಿಂತೆ.

ಈ ಚಿಂತೆ ಹತ್ತಬೇಕಾದರೆ ಮೊದಲು ನಂಬಿಕೆ ಹುಟ್ಟಬೇಕು. ಫೋರ್ಸಿತ್ ಅರವತ್ತರ ದಶಕದ ಆರಂಭದಲ್ಲಿ ರಾಯಿಟರ್ಸ್ ವರದಿಗಾರರಾಗಿ ಪ್ಯಾರಿಸಿನಲ್ಲಿದ್ದವರು. ಅಲ್ಜೀರಿಯಾವನ್ನು ಬಿಟ್ಟುಕೊಟ್ಟರೆಂದು ಸಿಟ್ಟಿಗೆದ್ದ ಒಎಎಸ್ ಎಂಬ ಗುಪ್ತ ಸಂಘಟನೆ ಡಿ ಗಾಲ್ ಪ್ರಾಣಕ್ಕೆ ಹೊಂಚು ಹಾಕುತ್ತಿದ್ದ ಕಾಲ. 1962ರ ಆಗಸ್ಟ್ 22ರಂದು ಪ್ಯಾರಿಸ್ ಹೊರವಲಯದ ಪೆಟಿ ಕ್ಲಾಮಾರ್‌ನಲ್ಲಿ ಅಧ್ಯಕ್ಷರ ಕಾರಿನ ಮೇಲೆ ನಿಜವಾಗಿಯೂ ಗುಂಡಿನ ಮಳೆಯಾಯಿತು. ಆ ಸಂಚಿನ ನಾಯಕನಾಗಿದ್ದ ಸೇನಾಧಿಕಾರಿಯನ್ನು ಮರುವರ್ಷದ ಮಾರ್ಚಿನಲ್ಲಿ ಗುಂಡಿಕ್ಕಿ ಕೊಂದ ಮುಂಜಾವಿನಿಂದಲೇ ಕಾದಂಬರಿ ಶುರುವಾಗುತ್ತದೆ. ನಿಜ ಎಲ್ಲಿ ಮುಗಿಯಿತು, ಕಟ್ಟುಕಥೆ ಎಲ್ಲಿ ಹೊಕ್ಕಿತು ಎಂದು ಹೊಲಿಗೆ ಹುಡುಕಿದರೂ ಸಿಗುವುದಿಲ್ಲ.

ಆಮೇಲೆ ಕಸುಬು. ಹಂತಕ ಜಾಕಾಲ್, ಸತ್ತುಹೋದ ಮಗುವೊಂದರ ಹೆಸರನ್ನು ಗೋರಿಕಲ್ಲಿನ ಮೇಲೆ ಹುಡುಕಿ, ಅದರ ಜನನ ಪ್ರಮಾಣಪತ್ರ ತೆಗೆಸಿ ಪಾಸ್‌ಪೋರ್ಟ್ ಮಾಡಿಸಿಕೊಳ್ಳುತ್ತಾನೆ. ಬೆಲ್ಜಿಯಂನ ಕಾಡೊಂದರಲ್ಲಿ ಬಂದೂಕು ಪರೀಕ್ಷಿಸುವ ಪ್ರಸಂಗವಂತೂ ಮರೆಯುವಂಥದ್ದಲ್ಲ. ಕರಬೂಜ ಹಣ್ಣಿಗೆ ಬಣ್ಣ ಬಳಿದು, ಚೀಲದಲ್ಲಿಟ್ಟು ಮರಕ್ಕೆ ನೇತುಹಾಕುತ್ತಾನೆ. ದೂರ ಹೋಗಿ ಹೊಡೆಯುತ್ತಾನೆ. ನಡೆದು ಬಂದು ತೂತು ಎಲ್ಲಿ ಬಿತ್ತೆಂದು ನೋಡುತ್ತಾನೆ. ದುರ್ಬೀನಿನ ತಿರುಪನ್ನು ಕೊಂಚ ತಿರುಗಿಸಿ ಮತ್ತೆ ಹೊಡೆಯುತ್ತಾನೆ. ಅವಸರವೇ ಇಲ್ಲ. ಕೊನೆಗೊಮ್ಮೆ ಸಿಡಿಯುವ ಗುಂಡು ಹಾರಿಸಿದಾಗ ಕರಬೂಜ ಇರುವುದಿಲ್ಲ, ಚೀಲದಿಂದ ರಸ ತೊಟ್ಟಿಕ್ಕುತ್ತಿರುತ್ತದೆ. ಒಂದು ಹನಿ ರಕ್ತವಿಲ್ಲದೆ ಓದುಗನ ಬೆನ್ನಹುರಿ ತಣ್ಣಗಾಗುತ್ತದೆ. ಪುಟಕ್ಕೊಂದು ಹೆಣ ಉರುಳಿಸುವ ಲೇಖಕರು ಈ ಒಂದು ಅಧ್ಯಾಯವನ್ನು ಎರಡು ಸಲ ಓದಬೇಕು.

ಬೆನ್ನಟ್ಟುವವನು ಕ್ಲಾಡ್ ಲೆಬೆಲ್. ಗಿಡ್ಡ ಆಳು, ಮನೆಯಲ್ಲಿ ಹೆಂಡತಿಯೆದುರು ಬಾಯಿ ಬಿಡದ ಪೊಲೀಸ್ ಅಧಿಕಾರಿ. ಅವನು ಸರ್ಕಾರದ ದೊಡ್ಡವರ ಸಭೆಯಲ್ಲಿ ಒಪ್ಪಿಸುವ ವರದಿ ಅಲ್ಲಿನ ಒಬ್ಬನ ಪ್ರೇಯಸಿಯ ಮೂಲಕ ಹಂತಕನಿಗೆ ಮುಟ್ಟುತ್ತಿದೆ. ಇದು ಓದುಗನಿಗೆ ಗೊತ್ತು, ಲೆಬೆಲ್‌ಗೆ ಗೊತ್ತಿಲ್ಲ. ‘ಅಯ್ಯೋ, ಅಲ್ಲಿ ಬಾಯಿ ಬಿಡಬೇಡವೋ’ ಎಂದು ಕೂಗಿ ಹೇಳಬೇಕೆನಿಸುವುದು ಅದಕ್ಕೇ. ಇಷ್ಟೆಲ್ಲ ತಿಳಿಸುವ ಫೋರ್ಸಿತ್ ಒಂದನ್ನು ಮಾತ್ರ ಬಹಳ ಹೊತ್ತು ಗಂಟಲಲ್ಲೇ ಇಟ್ಟುಕೊಳ್ಳುತ್ತಾರೆ: ಕೊಲೆಗೆ ಗೊತ್ತುಮಾಡಿದ ದಿನ ಯಾವುದು?

ಕನ್ನಡದಲ್ಲಿ ಈ ಹಿಡಿತಕ್ಕೆ ಮೊದಲು ನೆನಪಾಗುವುದು ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’. ಯಾಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಎಂಬ ಎಳೆಯ ದಂಪತಿ ಒಂದೇ ದಿನದೊಳಗೆ ಮಲೆನಾಡಿನ ಕಳ್ಳಸಾಗಣೆಯ ಜಾಲಕ್ಕೆ ಸಿಕ್ಕಿಕೊಳ್ಳುತ್ತಾರೆ. ತೇಜಸ್ವಿ ಮೂಡಿಗೆರೆಯ ಕಡೆ ತೋಟ ಮಾಡಿಕೊಂಡಿದ್ದವರು. ಯಾಲಕ್ಕಿ ಪೇಟೆ, ಘಟ್ಟದ ರಸ್ತೆ, ಕಾಡಿನ ಕತ್ತಲು ಅವರಿಗೆ ಅಂಗೈ ರೇಖೆಯಷ್ಟು ಪರಿಚಿತ. ಫೋರ್ಸಿತ್‌ಗೆ ಪ್ಯಾರಿಸಿನ ಬೀದಿ ಗೊತ್ತಿದ್ದಂತೆ.

ಡಿ ಗಾಲ್ ಉಳಿಯುತ್ತಾರೆ, ನಿಜ. ಆದರೆ ಅಷ್ಟು ಹದವಾಗಿ ಪಳಗಿಸಿದ ಬಂದೂಕಿನ ಗುರಿ ಆ ಕ್ಷಣದಲ್ಲಿ ಯಾಕೆ ತಪ್ಪಿತು ಎಂಬುದು ಯಾವ ಇತಿಹಾಸದ ಪುಸ್ತಕದಲ್ಲೂ ಇಲ್ಲ. ಕಾರಣ ತೀರಾ ಚಿಕ್ಕದು, ಫ್ರೆಂಚರಿಗೆ ಸಹಜವಾದದ್ದು. ಅದನ್ನು ಇಲ್ಲಿ ಹೇಳಿಬಿಟ್ಟರೆ ಇನ್ನೂ ಓದದವರಿಗೆ ಅನ್ಯಾಯವಾದೀತು.