ಹಳಿಯ ಮೇಲೆ ಕಾಡು ಬೆಳೆದಿದೆ. ಇನ್ನು ರೈಲೋ, ಪಾರ್ಕೋ?

ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ರೈಲು ಓಡದೆ 60 ವರ್ಷ ದಾಟಿದ ಒಂದು ಹಳಿ ಇದೆ. ರೀಗೊ ಪಾರ್ಕ್‌ನಿಂದ ಓಝೋನ್ ಪಾರ್ಕ್‌ವರೆಗೆ ಸುಮಾರು ಐದೂವರೆ ಕಿಲೋಮೀಟರ್. ಹಳಿಗಳ ನಡುವೆಯೇ ಮರಗಳು ಎದ್ದಿವೆ. ಜಾಗ ನಗರಾಡಳಿತದ್ದು. ಅದನ್ನು ಏನು ಮಾಡಬೇಕು ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಇದು ಲಾಂಗ್ ಐಲ್ಯಾಂಡ್ ರೈಲ್ ರೋಡ್‌ನವರು ರಾಕವೇ ಕಡಲತೀರಕ್ಕೆ ಓಡಿಸುತ್ತಿದ್ದ ಲೋಕಲ್ ರೈಲಿನ ದಾರಿ. 1950ರಲ್ಲಿ ಜಮೈಕಾ ಕೊಲ್ಲಿಯ ಮೇಲಿದ್ದ ಮರದ ಸೇತುವೆಗೆ ಬೆಂಕಿ ಬಿತ್ತು. ಆಗಲೇ ದಿವಾಳಿಯಾಗಿದ್ದ ಕಂಪನಿ ಅದನ್ನು ಎಲ್ಲಿಂದ ಕಟ್ಟಿಸುವುದು? ಕಡಲ ಕಡೆಯ ತುಂಡನ್ನು ನಗರವೇ ಖರೀದಿಸಿ, 1956ರಲ್ಲಿ ಸಬ್‌ವೇ ರೈಲು ಓಡಿಸಿತು. ಅದು ಈಗಲೂ ಓಡುತ್ತಿದೆ. ಉತ್ತರದ ತುಂಡಿಗೆ ಆ ಭಾಗ್ಯ ಸಿಗಲಿಲ್ಲ; 1962ರ ಜೂನ್‌ನಲ್ಲಿ ಅಲ್ಲಿ ರೈಲು ನಿಂತೇಹೋಯಿತು.

ಈಗ ಎರಡು ಬಣ. ‘ಕ್ವೀನ್ಸ್‌ವೇ’ಯವರು ನಡೆಯಲು, ಸೈಕಲ್ ಹೊಡೆಯಲು ಉದ್ದನೆಯ ಪಾರ್ಕ್ ಬೇಕು ಎನ್ನುತ್ತಾರೆ. ‘ಕ್ವೀನ್ಸ್‌ಲಿಂಕ್’ನವರು ಸಬ್‌ವೇ ರೈಲು ತನ್ನಿ, ಜಾಗ ಇರುವಲ್ಲೆಲ್ಲ ಪಕ್ಕದಲ್ಲೇ ಪಾರ್ಕನ್ನೂ ಮಾಡಿ ಎನ್ನುತ್ತಾರೆ. ಹಿತ್ತಿಲ ಬೇಲಿಗೆ ತಾಗಿಯೇ ಹಳಿ ಇರುವ ಮನೆಯವರಿಗೆ ರೈಲಿನ ಸದ್ದೇ ಬೇಡ. ಅವರ ಮಾತನ್ನೂ ತೆಗೆದುಹಾಕುವಂತಿಲ್ಲ, ಅವರು ಮನೆ ಕೊಂಡಾಗ ಅಲ್ಲಿ ಹಕ್ಕಿ ಕೂಗು ಮಾತ್ರ ಇತ್ತು.

ಆದರೆ ದಕ್ಷಿಣದ ಓಝೋನ್ ಪಾರ್ಕ್, ರಿಚ್ಮಂಡ್ ಹಿಲ್ ಕಡೆ ಇರುವವರು ಯಾರು? ಬಾಂಗ್ಲಾದೇಶದಿಂದ, ಗಯಾನಾದಿಂದ, ಪಂಜಾಬ್‌ನಿಂದ ದುಡಿಯಲು ಬಂದ ಕುಟುಂಬಗಳು ಅಲ್ಲಿ ಬಹಳ. ಗಲ್ಫ್‌ನಲ್ಲಿ ಕೆಲಸದ ಜಾಗಕ್ಕೂ ರೂಮಿಗೂ ನಡುವೆ ಬಸ್ಸಿಗೆ ಕಾದವರಿರುವ ನಮ್ಮ ಮನೆಗಳಿಗೆ ಅವರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಉತ್ತರ-ದಕ್ಷಿಣವಾಗಿ ಹೋಗಲು ವುಡ್‌ಹೇವನ್ ಬುಲೆವಾರ್ಡ್‌ನ ಬಸ್ಸೇ ಗತಿ. ಸಬ್‌ವೇಯಲ್ಲಾದರೆ ಸುತ್ತುಬಳಸಿ ಹೋಗಬೇಕು.

ಖರ್ಚೇನೋ ದೊಡ್ಡದೇ. 2019ರಲ್ಲಿ ಹೊರಬಂದ ಸಾರಿಗೆ ಪ್ರಾಧಿಕಾರದ ಅಧ್ಯಯನ ಸಬ್‌ವೇಗೆ 8.1 ಬಿಲಿಯನ್ ಡಾಲರ್ ಲೆಕ್ಕ ಹಾಕಿತು. ರೈಲಿನ ಪರ ಇರುವವರು ತಾವೇ ಮಾಡಿಸಿದ ಅಧ್ಯಯನದಲ್ಲಿ ಅದರ ಅರ್ಧಕ್ಕೂ ಕಡಿಮೆ ಸಾಕು ಎಂದಿದ್ದಾರೆ. ಲೆಕ್ಕ ಹಾಕುವವರು ಯಾರು ಎಂಬುದರ ಮೇಲೆ ಮೊತ್ತ ಹೀಗೂ ಬದಲಾಗುತ್ತದೆ ಮಾರಾಯ್ರೇ!

2022ರಲ್ಲಿ ಮೇಯರ್ ಎರಿಕ್ ಆಡಮ್ಸ್ ಪಾರ್ಕ್‌ನ ಮೊದಲ ಹಂತಕ್ಕೆ 3.5 ಕೋಟಿ ಡಾಲರ್ ಘೋಷಿಸಿದರು. 2024ರಲ್ಲಿ ಮುಂದಿನ ಹಂತಕ್ಕೆ ಕೇಂದ್ರ ಸರಕಾರದ 11.7 ಕೋಟಿ ಡಾಲರ್ ಮಂಜೂರಾಯಿತು. ಮರುವರ್ಷ ವಾಷಿಂಗ್ಟನ್‌ನಲ್ಲಿ ಅಧಿಕಾರ ಬದಲಾದಾಗ, ಇಂಥ ಯೋಜನೆಗಳಲ್ಲಿ ಖರ್ಚಾಗದೆ ಉಳಿದಿದ್ದ ಹಣವನ್ನು ಸಂಸತ್ತು ವಾಪಸ್ ಪಡೆಯಿತು.

ಮೊದಲು ಪಾರ್ಕ್ ಆಗಲಿ, ರೈಲನ್ನು ಆಮೇಲೆ ನೋಡುವ ಎನ್ನುವವರೂ ಇದ್ದಾರೆ. ಈ ಮಾತು ನಂಬಲು ಕಷ್ಟ. ಮಕ್ಕಳು ಆಡುತ್ತಿರುವ ಜಾಗವನ್ನು ಅಗೆದು ಹಳಿ ಹಾಕುತ್ತೇವೆಂದರೆ ಯಾವ ಊರಿನವರು ಬಿಟ್ಟಾರು? ರೈಲಿಗೆ ಜಾಗ ಬಿಡುವುದಾದರೆ ಅದು ನಕ್ಷೆ ಬರೆಯುವಾಗಲೇ ಆಗಬೇಕು.