ವಿಚಾರಣೆಯ ಕಡತದಲ್ಲಿ ಉಳಿದ ಊರು

ಫ್ರಾನ್ಸ್‌ನ ದಕ್ಷಿಣದಂಚಿನ ಪಿರನೀಸ್ ಬೆಟ್ಟಗಳಲ್ಲಿ ಮೊಂತಾಯು ಎಂಬ ಪುಟ್ಟ ಹಳ್ಳಿಯಿದೆ. ಈಗ ಅಲ್ಲಿರುವುದು ಬೆರಳೆಣಿಕೆಯ ಜನ, ಊರ ಮೇಲೊಂದು ಪಾಳುಕೋಟೆ. 1300ರ ಸುಮಾರಿಗೆ ಇಲ್ಲಿ ಇನ್ನೂರೈವತ್ತರಷ್ಟು ಮಂದಿ ಬಾಳುತ್ತಿದ್ದರು. ಅವರಲ್ಲಿ ಯಾರಿಗೆ ಯಾರ ಮೇಲೆ ಮನಸ್ಸಿತ್ತು, ಬಿಸಿಲಿಗೆ ಕೂತು ಯಾರು ಯಾರ ತಲೆಯ ಹೇನು ಹೆಕ್ಕುತ್ತಿದ್ದರು ಎಂಬುದೂ ನಮಗೆ ಗೊತ್ತು.

ಇಷ್ಟು ವಿವರ ಉಳಿದದ್ದು ಒಂದು ಧರ್ಮಬೇಟೆಯ ದೆಸೆಯಿಂದ. ಊರಿನವರಲ್ಲಿ ಬಹಳ ಮಂದಿ ಕಥಾರ್ ಪಂಥಕ್ಕೆ ಒಲಿದಿದ್ದರು. ಈ ಲೋಕ ಸೈತಾನನ ಸೃಷ್ಟಿ, ಆತ್ಮ ಒಂದು ದೇಹದಿಂದ ಇನ್ನೊಂದಕ್ಕೆ ಅಲೆಯುತ್ತದೆ ಎಂಬುದು ಆ ಪಂಥದ ನಂಬಿಕೆ. ರೋಮಿನ ಚರ್ಚು ಅದನ್ನು ಸಹಿಸಲಿಲ್ಲ. 1308ರಲ್ಲಿ ಊರಿಗೆ ಊರನ್ನೇ ಸೆರೆಹಿಡಿದರು. ಮತ್ತೆ 1318ರಿಂದ 1325ರವರೆಗೆ ಪಾಮಿಯೆಯ ಬಿಷಪ್ ಜಾಕ್ ಫೂರ್ನಿಯೆ ಸುತ್ತಲ ಸೀಮೆಯವರನ್ನೆಲ್ಲ ಕರೆಸಿ ವಿಚಾರಿಸಿದ. ಅವನ ತಾಳ್ಮೆ ಭಯ ಹುಟ್ಟಿಸುವಂಥದ್ದು. ಜನ ತಮ್ಮ ಆಕ್ಸಿಟಾನ್ ನುಡಿಯಲ್ಲಿ ಹೇಳಿದ್ದು ಲ್ಯಾಟಿನ್ನಿನಲ್ಲಿ ದಾಖಲಾಯಿತು.

ಬೇಯಾತ್ರಿಸ್ ದ ಪ್ಲಾನಿಸೋಲ್ ಕೋಟೆಯ ಅಧಿಕಾರಿಯ ವಿಧವೆ. ಊರ ಪಾದ್ರಿ ಪಿಯೆರ್ ಕ್ಲರ್ಗ್‌ನೇ ಆಕೆಯ ಪ್ರಿಯಕರನಾಗಿದ್ದ. 1320ರಲ್ಲಿ ಸಿಕ್ಕಿಬಿದ್ದಾಗ ಆಕೆಯ ಬಳಿ ಕನ್ನಡಿ, ಚಾಕು, ಧೂಪದ ಕಾಳುಗಳ ಜೊತೆ ಎರಡು ಒಣಗಿದ ಹೊಕ್ಕುಳಬಳ್ಳಿಗಳಿದ್ದವು. ಮಾಟವೆಂದು ಗುಮಾನಿಪಟ್ಟರು. ಅವು ಹೆಣ್ಣುಮಕ್ಕಳಿಗೆ ಹುಟ್ಟಿದ ಮೊಮ್ಮಕ್ಕಳವು, ಜೊತೆಗಿದ್ದರೆ ವ್ಯಾಜ್ಯ ಗೆಲ್ಲಬಹುದೆಂದು ಇಟ್ಟುಕೊಂಡೆ ಎಂದಳು ಆಕೆ. ಯಾವ ರಾಣಿಯ ಚರಿತ್ರೆಯೂ ನನ್ನನ್ನು ಇಷ್ಟು ಹತ್ತಿರಕ್ಕೆ ಕರೆದೊಯ್ದಿಲ್ಲ. ಬೇಯಾತ್ರಿಸ್ ಸೆರೆವಾಸ ಕಳೆದು, ಉಡುಪಿನ ಮೇಲೆ ಹಳದಿ ಶಿಲುಬೆ ತೊಡುವ ಶಿಕ್ಷೆಯೊಡನೆ 1322ರಲ್ಲಿ ಹೊರಬಂದಳು. ಪಾದ್ರಿ ಸೆರೆಯಲ್ಲೇ ಸತ್ತ. ಕುರಿಮಂದೆಯೊಡನೆ ಕ್ಯಾಟಲೋನಿಯಾದವರೆಗೂ ಅಲೆದಾಡಿದ್ದ ಪಿಯೆರ್ ಮೋರಿಗೂ ಕೊನೆಗೆ ಸೆರೆಯೇ ಗತಿಯಾಯಿತು. ಈ ಮಾತುಗಳೆಲ್ಲ ನ್ಯಾಯಪೀಠದ ಮುಂದೆ ಅಂಜುತ್ತ ಆಡಿದವು ಎಂಬುದನ್ನು ಓದುವಾಗ ಮರೆಯುವಂತಿಲ್ಲ.

ಫೂರ್ನಿಯೆ 1334ರಲ್ಲಿ ಹನ್ನೆರಡನೇ ಬೆನೆಡಿಕ್ಟ್ ಎಂಬ ಹೆಸರಿನ ಪೋಪ್ ಆದ. ಅವನ ಕಡತ ವ್ಯಾಟಿಕನ್ ಗ್ರಂಥಾಲಯ ಸೇರಿತು. ಜಾನ್ ದ್ಯುವೆರ್ನ್ವಾ 1965ರಲ್ಲಿ ಅದರ ಲ್ಯಾಟಿನ್ ಪಾಠವನ್ನು ಅಚ್ಚು ಮಾಡಿಸಿದರು. ಅದನ್ನು ಆಧರಿಸಿ ಇತಿಹಾಸಕಾರ ಎಮಾನ್ಯುಯೆಲ್ ಲ ರುವಾ ಲಾದ್ಯುರಿ 1975ರಲ್ಲಿ ಬರೆದ ‘ಮೊಂತಾಯು’ ಫ್ರಾನ್ಸ್‌ನಲ್ಲಿ ಭರ್ಜರಿಯಾಗಿ ಮಾರಾಟವಾಯಿತು. ಬಿಷಪ್ ಪಾಷಂಡವನ್ನು ಹುಡುಕಿದ್ದ ಅದೇ ಉತ್ತರಗಳಲ್ಲಿ ಲಾದ್ಯುರಿ ಹುಡುಕಿದ್ದು ಕುರುಬರ ಬುತ್ತಿಯನ್ನು, ಒಲೆಯ ಸುತ್ತಲಿನ ಹರಟೆಯನ್ನು, ಮದುವೆ-ಸಾವುಗಳನ್ನು.