ಎರಡು ಮಿಲಿಮೀಟರಿನ ಆಯುಷ್ಯ

ಓಡುತ್ತಿರುವ ವಾಹನವನ್ನು ನಿಲ್ಲಿಸುವುದೆಂದರೆ ಅದರ ಚಲನಶಕ್ತಿಯನ್ನು ನಾಶಮಾಡುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಶಕ್ತಿಗೆ ನಾಶವಿಲ್ಲವಾದುದರಿಂದ, ಪೆಡಲಿನ ಮೇಲೆ ಕಾಲಿಟ್ಟ ಕ್ಷಣದಲ್ಲಿ ನಡೆಯುವುದು ಒಂದು ರೂಪಾಂತರ ಮಾತ್ರ. ಚಲನೆ ಶಾಖವಾಗುತ್ತದೆ, ಆ ಶಾಖವನ್ನು ಯಾವುದಾದರೊಂದು ವಸ್ತು ತನ್ನ ಮೈಯಲ್ಲಿ ತುಂಬಿಕೊಂಡು, ಬಳಿಕ ನಿಧಾನವಾಗಿ ಗಾಳಿಗೆ ಒಪ್ಪಿಸಬೇಕಾಗುತ್ತದೆ. ಇಂದಿನ ಕಾರುಗಳ ಮುಂದಿನ ಗಾಲಿಗಳಲ್ಲಿ ಈ ಹೊರೆಯನ್ನು ಹೊರುವುದು ಬೀಡುಕಬ್ಬಿಣದ ಒಂದು ಬಿಲ್ಲೆ, ಗ್ಯಾರೇಜಿನ ಮಾತಿನಲ್ಲಿ ಡಿಸ್ಕು. ಗಾಲಿಯೊಡನೆ ತಿರುಗುವ ಈ ಡಿಸ್ಕನ್ನು ಕ್ಯಾಲಿಪರು ಎರಡು ಪ್ಯಾಡುಗಳ ನಡುವೆ ಅದುಮಿ ಹಿಡಿಯುತ್ತದೆ. 1200 ಕಿಲೋ ತೂಗುವ ಕಾರೊಂದು ಗಂಟೆಗೆ 80 ಕಿಲೋಮೀಟರು ವೇಗದಿಂದ ನಿಂತಾಗ ಸುಮಾರು 3 ಲಕ್ಷ ಜೂಲ್ ಶಾಖ, ಎಂದರೆ ಒಂದು ಲೀಟರಿಗೆ ತುಸು ಕಡಿಮೆ ತಣ್ಣೀರನ್ನು ಕುದಿಬಿಂದುವಿಗೆ ಒಯ್ಯಬಲ್ಲಷ್ಟು ಶಾಖ, ಕೆಲವೇ ಸೆಕೆಂಡುಗಳಲ್ಲಿ ಹುಟ್ಟುತ್ತದೆ.

ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಇಂತಹ ಬ್ರೇಕಿಗೆ ಪೇಟೆಂಟು ಪಡೆದಿದ್ದರೂ, ಫ್ರಾನ್ಸಿನ ಲ ಮಾನ್‌ನಲ್ಲಿ ನಡೆಯುವ 24 ಗಂಟೆಗಳ ಪಂದ್ಯವನ್ನು 1953ರಲ್ಲಿ ಡಿಸ್ಕ್ ಬ್ರೇಕುಳ್ಳ ಜಾಗ್ವಾರ್ ಕಾರು ಗೆದ್ದ ಮೇಲೆಯೇ ಲೋಕದ ಗಮನ ಇದರತ್ತ ಹರಿಯಿತು. ಹಳೆಯ ಬಗೆಯ ಬ್ರೇಕುಗಳಲ್ಲಿ ಡ್ರಮ್ಮಿನೊಳಗೆ ಸೆರೆಯಾಗುತ್ತಿದ್ದ ಶಾಖವು ಇಲ್ಲಿ ಬಯಲ ಗಾಳಿಗೆ ತೆರೆದುಕೊಂಡಿತು.

ಮೈಮೇಲೆ ಕೊರೆದ ಅಂಕಿ

ಡಿಸ್ಕಿನ ಅಂಚಿನಲ್ಲಿಯೋ ನಡುವಣ ಟೊಪ್ಪಿಗೆಯಂಥ ಭಾಗದಲ್ಲಿಯೋ ತಯಾರಕರು ಒಂದು ಅಂಕಿಯನ್ನು ಅಚ್ಚೊತ್ತಿರುವುದು ವಾಡಿಕೆ. ಅದು ಆ ಡಿಸ್ಕಿಗೆ ಸಲ್ಲುವ ಕನಿಷ್ಠ ದಪ್ಪ. ಹೊಸದರಲ್ಲಿ 22 ಮಿಲಿಮೀಟರು ದಪ್ಪವಿದ್ದ ಡಿಸ್ಕಿಗೆ 20 ಮಿಲಿಮೀಟರು ಕನಿಷ್ಠವೆಂದು ಇಟ್ಟುಕೊಂಡರೆ, ಮುಖವೊಂದಕ್ಕೆ ಒಂದೊಂದರಂತೆ ದೊರೆಯುವ ಎರಡೇ ಎರಡು ಮಿಲಿಮೀಟರು ಅದರ ಸಮಸ್ತ ಆಯುಷ್ಯ. ಪ್ಯಾಡಿನ ಉಜ್ಜಾಟ ದಿನದಿನವೂ ಇದನ್ನೇ ಸವೆಸುತ್ತದೆ. ಲೇತಿಗೆ ಕೊಟ್ಟು ಮುಖ ಹೆರೆಸಿದಾಗ ಉದುರುವ ಚೂರೂ ಇದರದೇ. ಡಿಸ್ಕು ತೆಳುವಾದಷ್ಟೂ ಶಾಖವನ್ನು ಹಿಡಿದಿಡುವ ಲೋಹ ಕಡಿಮೆಯಾಗುತ್ತದೆ. ಅದೇ ಬ್ರೇಕಿಗೆ ಅದು ಹೆಚ್ಚು ಕಾಯುತ್ತದೆ, ಹೆಚ್ಚು ಕಾದುದು ಬೇಗ ಬಿರುಕು ಬಿಡುತ್ತದೆ. ಆದುದರಿಂದ ಹೆರೆಸುವುದೆಂದರೆ ಮೂಲಧನದಿಂದ ವೆಚ್ಚಮಾಡುವುದು. ಎಷ್ಟು ಉಳಿದಿದೆಯೆಂದು ಎಣಿಸದೆ ಯಾರೂ ಮೂಲಧನಕ್ಕೆ ಕೈಹಾಕಬಾರದು.

ಎಣಿಸುವ ಉಪಕರಣ ಮೈಕ್ರೋಮೀಟರು. ಹೊರ ಅಂಚಿನಿಂದ ಸುಮಾರು 10 ಮಿಲಿಮೀಟರು ಒಳಕ್ಕೆ, ಸುತ್ತಲೂ ಎಂಟು ಕಡೆ ಅಳೆದು, ಅತ್ಯಂತ ತೆಳುವಾದ ಕಡೆಯ ಅಳತೆಯನ್ನೇ ಪ್ರಮಾಣವಾಗಿ ಹಿಡಿಯತಕ್ಕದ್ದು. 21.3 ಮಿಲಿಮೀಟರು ಉಳಿದಿದ್ದು, ಗೀರುಗಳನ್ನು ಅಳಿಸಲು ಮುಖವೊಂದಕ್ಕೆ 0.2ರಷ್ಟು ಹೆರೆಯಬೇಕಾದರೆ 20.9 ಉಳಿಯುತ್ತದೆ, ಮುಂದಿನ ಪ್ಯಾಡುಗಳ ಕಾಲಕ್ಕೆ ಅದು ಸಾಕು, ಹೆರೆಸಬಹುದು. ಉಳಿದಿರುವುದು 20.5 ಮಾತ್ರವಾಗಿದ್ದರೆ ಹೆರೆದ ಮೇಲೆ 20.1 ಆಗುತ್ತದೆ, ಇದೂ ಕನಿಷ್ಠಕ್ಕಿಂತ ಮೇಲೆಯೇ ಇದೆಯೆಂದು ವಾದಿಸಬಹುದಾದರೂ, ಹೊಸ ಪ್ಯಾಡುಗಳು ಸವೆಯುವುದಕ್ಕೆ ಬಹು ಮುಂಚೆಯೇ ಡಿಸ್ಕು ಮೇರೆ ದಾಟುವುದರಿಂದ, ಅಲ್ಲಿ ಬದಲಿಸುವುದೇ ವಿವೇಕ.

ನಡುಕದ ಮೂಲ

ಬ್ರೇಕು ಹಿಡಿದಾಗ ಸ್ಟೀರಿಂಗು ನಡುಗಿದರೆ ಡಿಸ್ಕು ಬೆಂಡಾಗಿದೆ ಎಂದು ಹೇಳುವುದು ರೂಢಿ. ನಿಜಾಂಶವು ಇದಕ್ಕಿಂತ ಸೂಕ್ಷ್ಮವಾದುದು. ಒಮ್ಮೆ ನನ್ನ ಕಾರಿಗೆ ಈ ನಡುಕ ಬಂದಾಗ, ನಮ್ಮ ಬೀದಿಯ ಗ್ಯಾರೇಜಿನ ಮೇಸ್ತ್ರಿಯೊಬ್ಬರು ಗಾಲಿ ಬಿಚ್ಚಿ, ಡಿಸ್ಕಿನ ಮುಖಕ್ಕೆ ಡಯಲ್ ಗೇಜಿನ ಮುಳ್ಳು ತಾಗಿಸಿ, ಕೈಯಿಂದ ಮೆಲ್ಲನೆ ಒಂದು ಸುತ್ತು ತಿರುಗಿಸಿದರು. ಮುಳ್ಳು 0.14 ಮಿಲಿಮೀಟರಿನಷ್ಟು ಅತ್ತಿತ್ತ ಆಡಿತು. ಇದಕ್ಕೆ 0.05ರಿಂದ 0.1ರವರೆಗೆ ಮಾತ್ರ ಅವಕಾಶ ಕೊಡುವುದು ಸಾಮಾನ್ಯ ನಿಯಮ. ಅವರು ಡಿಸ್ಕನ್ನು ಕಳಚಿದಾಗ, ಅದು ಕೂರುವ ಹಬ್ಬಿನ ಮುಖದ ಮೇಲೆ ಹಕ್ಕಳೆಗಟ್ಟಿದ ತುಕ್ಕು ಕಾಣಿಸಿತು. ತಂತಿಬ್ರಷ್ಷಿನಿಂದ ಅದನ್ನು ಹೊಳಪು ಬರುವಂತೆ ಉಜ್ಜಿ, ಡಿಸ್ಕನ್ನು ಮತ್ತೆ ಕೂರಿಸಿ ಅಳೆದರೆ 0.04! "ಡಿಸ್ಕು ಕೆಟ್ಟಿರ್ಲಿಲ್ಲ ಸಾರ್, ಕೂತಿರೋ ಜಾಗ ಕೆಟ್ಟಿತ್ತು" ಎಂದರು ಅವರು.

ಆ ಒಂದು ಮಾತಿನಲ್ಲಿ ಇಡೀ ಶಾಸ್ತ್ರವೇ ಅಡಗಿದೆ. ಓರೆಯಾಗಿ ಕುಳಿತ ಡಿಸ್ಕು, ಬ್ರೇಕು ಹಿಡಿಯದಿದ್ದಾಗಲೂ, ಸುತ್ತಿಗೊಮ್ಮೆ ಒಂದೇ ಕಡೆಯಲ್ಲಿ ಪ್ಯಾಡನ್ನು ಸವರಿ ಹೋಗುತ್ತದೆ; ಗಾಲಿ ಕಿಲೋಮೀಟರಿಗೆ ಸುಮಾರು 550 ಸಲ ಸುತ್ತುವುದರಿಂದ, ಸಾವಿರ ಕಿಲೋಮೀಟರಿನಲ್ಲಿ ಐದೂವರೆ ಲಕ್ಷ ಬಾರಿ ಸವರಿಸಿಕೊಂಡ ಆ ತಾಣ ಉಳಿದ ಭಾಗಕ್ಕಿಂತ ತೆಳುವಾಗುತ್ತದೆ. ಕೆಲವೊಮ್ಮೆ, ಬಿಸಿಯಾದ ಪ್ಯಾಡಿನ ಪದಾರ್ಥ ಡಿಸ್ಕಿನ ಮೇಲೆ ಅಲ್ಲಲ್ಲಿ ಅಂಟಿಕೊಂಡು ಏರುತಗ್ಗು ಉಂಟಾಗುವುದೂ ಉಂಟು. ದಪ್ಪದ ಈ ವ್ಯತ್ಯಾಸ 0.02 ಮಿಲಿಮೀಟರಿನಷ್ಟಾದರೂ ಸಾಕು, ಕಾಲಿಗೂ ಕೈಗೂ ನಡುಕ ತಿಳಿಯುತ್ತದೆ. ನನ್ನ ಡಿಸ್ಕಿನಲ್ಲಿ ವ್ಯತ್ಯಾಸ 0.03 ಇದ್ದು, ದಪ್ಪವೂ ಬೇಕಾದಷ್ಟು ಉಳಿದಿದ್ದುದರಿಂದ, ಲೇತಿನಲ್ಲಿ ಮುಖವೊಂದಕ್ಕೆ 0.1ರಷ್ಟು ಹೆರೆಸಿದ್ದೇ ಸಾಕಾಯಿತು. ಹಬ್ಬನ್ನು ಉಜ್ಜದೆ ಹೊಸ ಡಿಸ್ಕನ್ನೇ ಹಾಕಿಸಿದ್ದರೂ ಕೆಲವು ತಿಂಗಳಲ್ಲಿ ಅದೇ ನಡುಕ ಮರಳುತ್ತಿತ್ತು. ಗಾಲಿಯ ನಟ್ಟುಗಳನ್ನು ಒಂದನ್ನು ಬಿಟ್ಟು ಎದುರಿನದೆಂಬ ಕ್ರಮದಲ್ಲಿ ಸಮನಾಗಿ ಬಿಗಿಯದಿದ್ದರೂ ಫಲ ಇದೇ.

ಹೆರೆಸಲಾಗದವು

ಗ್ರಾಮಫೋನ್ ತಟ್ಟೆಯ ಗೆರೆಗಳಂತಹ ನಸುಗೀರುಗಳಿಗೆ ಯಾವ ಚಿಕಿತ್ಸೆಯೂ ಬೇಡ. ಮಳೆಯ ರಾತ್ರಿ ಕಳೆದು ಬೆಳಿಗ್ಗೆ ಕಾಣುವ ಕೆಂಪು ತುಕ್ಕು ನಾಲ್ಕು ಸಲ ಬ್ರೇಕು ಹಿಡಿದರೆ ಅಳಿಸಿಹೋಗುತ್ತದೆ. ಆದರೆ ಅಂಚನ್ನು ಮುಟ್ಟಿದ ಬಿರುಕು ಕಂಡ ಡಿಸ್ಕನ್ನು, ದಪ್ಪ ಎಷ್ಟೇ ಉಳಿದಿರಲಿ, ಬಿಸಾಡಲೇಬೇಕು. ಅತಿತಾಪದಿಂದ ನೀಲಿಗಟ್ಟಿ ಗಡುಸಾದ ಮಚ್ಚೆಗಳನ್ನು ಹೆರೆಸಿದರೂ ಪ್ರಯೋಜನವಿಲ್ಲ. ಅಲ್ಲಿ ಲೋಹದ ಅಂತರ್ರಚನೆಯೇ ಬದಲಾಗಿ ಗಡಸುತನ ಆಳಕ್ಕೆ ಇಳಿದಿರುವುದರಿಂದ, ಸುತ್ತಲಿನ ಮೆದು ಭಾಗ ಸವೆದಂತೆ ಮಚ್ಚೆ ಮತ್ತೆ ಉಬ್ಬಿ ನಿಲ್ಲುತ್ತದೆ. ಪ್ಯಾಡು ಪೂರ್ತಿ ಸವೆದು, ಅದರ ಬೆನ್ನಿನ ಉಕ್ಕಿನ ತಗಡೇ ಉಳುಮೆ ಮಾಡಿದ ಡಿಸ್ಕಿನಲ್ಲಿ ಚಡಿಗಳು ಕನಿಷ್ಠ ದಪ್ಪದ ಮೇರೆಯನ್ನು ದಾಟಿರುವುದೇ ಹೆಚ್ಚು. ಮೋಟಾರ್ ಸೈಕಲಿನ ಡಿಸ್ಕಂತೂ ಹೊಸದರಲ್ಲೇ ಸುಮಾರು 4 ಮಿಲಿಮೀಟರಿನದಾದುದರಿಂದ ಅದನ್ನು ಹೆರೆಸುವ ಪ್ರಶ್ನೆಯೇ ಏಳದು. ಮೇರೆ ಮುಟ್ಟಿದೊಡನೆ ಬದಲಿಸಬೇಕು.

ಹೆರೆಸಿದರೂ ಬದಲಿಸಿದರೂ, ಒಂದೇ ಅಚ್ಚಿನ ಎಡಬಲಗಳೆರಡಕ್ಕೂ ಒಟ್ಟಿಗೆ ಮಾಡತಕ್ಕದ್ದು. ಇಲ್ಲವಾದರೆ ಎರಡು ಕಡೆಯ ಹಿಡಿತ ಬೇರೆ ಬೇರೆಯಾಗಿ ಕಾರು ಒಂದು ಮಗ್ಗುಲಿಗೆ ಎಳೆಯಬಹುದು. ಹೆರೆದ ಮುಖವನ್ನು ಸಾಬೂನು ನೀರಿನಿಂದ ತೊಳೆದು ಲೋಹದ ನುಣ್ಣನೆಯ ಪುಡಿಯನ್ನು ತೆಗೆಯಬೇಕು. ಹೊಸ ಡಿಸ್ಕಿನ ಮೇಲಣ ಎಣ್ಣೆಯನ್ನು ಒರೆಸಬೇಕು. ಬಳಿಕ ಖಾಲಿ ರಸ್ತೆಯಲ್ಲಿ 50ರ ವೇಗದಿಂದ 15ರವರೆಗೆ, ಪೂರ್ತಿ ನಿಲ್ಲಿಸದೆ, ನಡುನಡುವೆ ತಣಿಯಲು ಬಿಟ್ಟು, ಎಂಟು ಹತ್ತು ಬಾರಿ ಮೃದುವಾಗಿ ಬ್ರೇಕು ಹಿಡಿದರೆ, ಪ್ಯಾಡೂ ಡಿಸ್ಕೂ ಪರಸ್ಪರ ಹೊಂದಿಕೊಳ್ಳುತ್ತವೆ.

ಘಾಟಿಯ ಲೆಕ್ಕ

ಆಗುಂಬೆಯ ತಿರುವುಗಳಲ್ಲಿಯಾಗಲಿ ಚಾರ್ಮಾಡಿಯ ಮಂಜಿನಲ್ಲಾಗಲಿ ಇಳಿದವರಿಗೆ ಈ ಅಳತೆಗಳ ಅರ್ಥ ಬೇಗ ಹೊಳೆದೀತು. ಅದೇ 1200 ಕಿಲೋ ಕಾರು 500 ಮೀಟರು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 59 ಲಕ್ಷ ಜೂಲ್. ಎಂದರೆ 80ರ ವೇಗದಿಂದ ಇಪ್ಪತ್ತು ಬಾರಿ ನಿಂತಷ್ಟು. ಎರಡನೆಯ ಗೇರಿನಲ್ಲಿ ಇಳಿದರೆ ಇದರ ಬಹುಭಾಗವನ್ನು ಎಂಜಿನ್ನೇ ಹೊರುತ್ತದೆ. ಪೆಡಲನ್ನೇ ಒತ್ತಿಕೊಂಡು ಇಳಿದರೆ ಬಹುಪಾಲು ಡಿಸ್ಕುಗಳ ಪಾಲಿಗೇ ಬೀಳುತ್ತದೆ. ಅಂತಹ ಇಳುಕಲಿನಲ್ಲಿ ನಮ್ಮ ಮಕ್ಕಳನ್ನು ಕೂರಿಸಿಕೊಂಡು ಹೋಗುವ ನಾವು, ಸರ್ವೀಸಿಗೆ ಬಿಟ್ಟ ಕಾರನ್ನು ಮರಳಿ ಪಡೆಯುವಾಗ, ಡಿಸ್ಕು ಚೆನ್ನಾಗಿದೆಯೆ ಎಂದಷ್ಟೇ ಕೇಳಿ ಸುಮ್ಮನಾಗದೆ, ಎಷ್ಟು ಮಿಲಿಮೀಟರು ಉಳಿದಿದೆ ಎಂದು ಕೇಳಿ, ಆ ಅಂಕಿಯನ್ನು ಬಿಲ್ಲಿನ ಮೇಲೆಯೇ ಬರೆಯಿಸಿಕೊಳ್ಳೋಣ.